ಹದಿನೇಳು ಮೈಲಿಗೆ ಐದು ಗಂಟೆ ಏಕೆ?

ಬಾಸ್ಟನ್ನಿನಲ್ಲಿ ನೆಲೆಸಿರುವ ನಾವು ನಾಲ್ವರು ಕನ್ನಡಿಗರು ಬೇಸಿಗೆಯ ಭಾನುವಾರಗಳಂದು ಚಾರ್ಲ್ಸ್ ನದಿಯ ದಂಡೆಯಲ್ಲಿ ಸೈಕಲ್ ತುಳಿಯುತ್ತೇವೆಂದು ತಿಳಿದವರು ಮೊದಲು ದೂರ ಕೇಳುತ್ತಾರೆ. ವಿಜ್ಞಾನ ವಸ್ತುಸಂಗ್ರಹಾಲಯದ ಬಳಿಯಿಂದ ವಾಟರ್‌ಟೌನ್‌ವರೆಗೆ ಒಂದು ದಡದಲ್ಲಿ ಹೋಗಿ ಇನ್ನೊಂದು ದಡದಲ್ಲಿ ಮರಳುವ ಪೂರ್ತಿ ಸುತ್ತು ಸುಮಾರು 17 ಮೈಲಿ, ಅಂದರೆ 27 ಕಿಲೋಮೀಟರ್. ಅದಕ್ಕೆ ಐದು ಗಂಟೆ ಹಿಡಿಯುತ್ತದೆ ಎಂದೊಡನೆ, "ಅಷ್ಟು ಹೊತ್ತೇಕೆ? ನಡೆದೇ ಹೋಗಬಹುದಲ್ಲ!" ಎಂದು ನಗುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ.

ಒಂದು ಕಾರಣ ದಾರಿಯದೇ. ಇದಕ್ಕೆ ಪಾಲ್ ಡಡ್ಲಿ ವೈಟ್ ಅವರ ಹೆಸರಿಟ್ಟಿದ್ದಾರೆ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಚಿಕಿತ್ಸೆ ಮಾಡಿದ, ಸೈಕಲ್ ತುಳಿಯಿರಿ ಎಂದು ಜನರಿಗೆ ಹೇಳುತ್ತಿದ್ದ ಹೃದ್ರೋಗ ತಜ್ಞರು ಅವರು. ಆದರೆ ವೇಗದ ಹುಮ್ಮಸ್ಸಿನವರಿಗೆ ಈ ದಾರಿ ಹೇಳಿಸಿದ್ದಲ್ಲ. ಮರದ ಬೇರುಗಳು ಡಾಂಬರನ್ನು ಅಲ್ಲಲ್ಲಿ ಉಬ್ಬಿಸಿವೆ, ಕೆನಡಾ ಹೆಬ್ಬಾತುಗಳು ತಮ್ಮ ಸಂಸಾರ ಸಮೇತ ದಾರಿಯ ನಡುವೆ ನಿಂತು ಬೆಲ್ ಹೊಡೆದರೂ ಕದಲುವುದಿಲ್ಲ, ಕೆಲವು ಸೇತುವೆಗಳ ಬಳಿ ಕೆಳಗಿನಿಂದ ನುಸುಳುವ ದಾರಿಯಿಲ್ಲದ ಕಾರಣ ರಸ್ತೆ ದಾಟಲು ಸಿಗ್ನಲ್ಲಿಗೆ ಕಾಯಬೇಕು. ಮೆಮೋರಿಯಲ್ ಡ್ರೈವ್‌ನ ಒಂದು ಭಾಗವನ್ನು ಏಪ್ರಿಲ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಭಾನುವಾರ ಬೆಳಿಗ್ಗೆ 11ರಿಂದ ಕಾರುಗಳಿಗೆ ಮುಚ್ಚುತ್ತಾರೆ. ನಾಲ್ವರೂ ಅಕ್ಕಪಕ್ಕದಲ್ಲಿ, ಮಾತಾಡಿಕೊಂಡು, ಸೈಕಲ್ ತುಳಿಯಲು ಸಿಗುವ ಜಾಗ ಅದೊಂದೇ ಆದ್ದರಿಂದ ಅಲ್ಲಿ ಯಾರಿಗೂ ಅವಸರವಿರುವುದಿಲ್ಲ.

ಇನ್ನೊಂದು ಕಾರಣ ನಮ್ಮದು. ಎಲ್ಲರಿಗಿಂತ ನಿಧಾನದವರು ಮುಂದಿರಬೇಕು ಎಂಬುದು ನಾವು ಮಾಡಿಕೊಂಡ ಕರಾರು. ನಲವತ್ತು ದಾಟಿದ ಮೇಲೆ ಸೈಕಲ್ ಕಲಿತ ಗೆಳತಿಯೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಅವರು ಹಿಂದೆ ಉಳಿದು, ನಾವು ಮುಂದೆ ಹೋಗಿ ಕಾಯುತ್ತ ನಿಂತರೆ ನಮಗೆ ವಿಶ್ರಾಂತಿ, ಅವರಿಗೆ ಮಾತ್ರ ಉಬ್ಬಸ. ಅವರೇ ಮುಂದಿದ್ದರೆ ಈ ತಾಪತ್ರಯವಿಲ್ಲ.

ಇಷ್ಟಾದರೂ ನಿಜವಾದ ಉತ್ತರ ನದಿಯದೇ ಎಂದು ನನಗನ್ನಿಸುತ್ತದೆ. ಚಾರ್ಲ್ಸ್ ಹುಟ್ಟುವುದು ಹಾಪ್ಕಿಂಟನ್ನಿನಲ್ಲಿ. ಬಾಸ್ಟನ್ ಮ್ಯಾರಥಾನ್ ಹೊರಡುವುದೂ ಅದೇ ಊರಿನಿಂದ. ಓಟಗಾರರು 26 ಮೈಲಿ ಚಿಲ್ಲರೆ ಓಡಿ ನಗರ ಮುಟ್ಟಿದರೆ, ನದಿ ಸುಮಾರು 80 ಮೈಲಿ ಬಳಸಿ ಬರುತ್ತದೆ. ಬಂದ ಮೇಲೂ ಹರಿಯುವ ಆತುರವಿಲ್ಲ: ಮೊದಲು ಇಲ್ಲಿಯವರೆಗೂ ಸಮುದ್ರದ ಉಬ್ಬರದ ನೀರು ಏರಿ, ಇಳಿತದ ಹೊತ್ತಿಗೆ ನಾರುವ ಕೆಸರು ಬಯಲಾಗುತ್ತಿತ್ತು; 1910ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹೊಳೆ ಕೆರೆಯಂತೆ ನಿಂತಿತು. 1995ರಲ್ಲಿ ಪರಿಸರ ಸಂರಕ್ಷಣಾ ಇಲಾಖೆ ಇದರ ನೀರಿಗೆ ಕೊಟ್ಟದ್ದು ಡಿ ಶ್ರೇಣಿ. ಆಮೇಲೆ ನೀರು ಬಹಳ ಸುಧಾರಿಸಿತು. ನದಿಯೆಂದರೆ ವೃಷಭಾವತಿ ಎಂದೇ ಬಲ್ಲ ಬೆಂಗಳೂರಿನ ನನಗೆ ಇದು ಸಣ್ಣ ಸಂಗತಿಯಲ್ಲ.

ಐದು ಗಂಟೆಗಳಲ್ಲಿ ದೊಡ್ಡ ಪಾಲು ಕಳೆಯುವುದು ವಾಟರ್‌ಟೌನ್‌ನ ಸಣ್ಣ ಕಟ್ಟೆಯ ಬಳಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೆರಿಂಗ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ಇಲ್ಲಿಯವರೆಗೆ ಈಜಿ ಬರುತ್ತವೆ. ಅವು ಕಟ್ಟೆ ಹತ್ತಲೆಂದು ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾದ ಕಾಲುವೆ ಕಟ್ಟಿದ್ದಾರೆ. ಕಳೆದ ಮೇ ತಿಂಗಳಲ್ಲಿ ಇರುಳು ಬಕ (ನೈಟ್ ಹೆರಾನ್) ಎಂಬ ಹಕ್ಕಿಯೊಂದು ಕಲ್ಲಿನ ಮೇಲೆ ಕುತ್ತಿಗೆ ಹುದುಗಿಸಿಕೊಂಡು ನಿದ್ದೆ ಹೋದಂತೆ ಕೂತಿತ್ತು. ನಾವು ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅದರ ಕೊಕ್ಕಿನಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಮೀನೊಂದು ಬಡಿದಾಡುತ್ತಿತ್ತು. ಶೃಂಗೇರಿ ಕಡೆಯ ಗೆಳೆಯ ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟ. ತುಂಗೆಯ ಮೆಟ್ಟಿಲುಗಳಲ್ಲಿ ಕೂತು ಮೀನಿಗೆ ಮಂಡಕ್ಕಿ ಹಾಕಿ ಬೆಳೆದವನಿಗೆ ಮೀನನ್ನು ಯಾರೋ ತಿನ್ನುವುದು ಅಪಚಾರದಂತೆ ಕಂಡಿತೋ ಏನೋ, ಬಕವನ್ನು ಓಡಿಸಲು ಚಪ್ಪಾಳೆ ತಟ್ಟಿದ. ಅದು ತಲೆಯೆತ್ತಿ ಅವನನ್ನೊಮ್ಮೆ ನೋಡಿ ಮೀನು ನುಂಗಿತು. ಅಲ್ಲಿ ನಾವು ಒಂದೂವರೆ ಗಂಟೆ ಕೂತಿದ್ದೆವು.

ಬಾಸ್ಟನ್ ದಡದಲ್ಲಿ ಮರಳುವ ದಾರಿಯ ಮೊದಲರ್ಧದಲ್ಲಿ ಹೆದ್ದಾರಿಯ ಸದ್ದೇ ಹೆಚ್ಚು, ಹಾಗಾಗಿ ಅಲ್ಲಿ ನಾವೂ ಬೇಗಬೇಗನೆ ತುಳಿಯುತ್ತೇವೆ. ಹಾರ್ವರ್ಡ್ ಸೇತುವೆ ಬಂದಾಗ ದಾರಿ ಬಿಟ್ಟು, ಅದರ ನಡುವಿನ ತನಕ ಸೈಕಲ್ ತಳ್ಳಿಕೊಂಡು ಹೋಗಿ ನಿಲ್ಲುವುದು ವಾಡಿಕೆ. 1958ರಲ್ಲಿ ಎಂಐಟಿಯ ಹುಡುಗರು ತಮ್ಮ ಸಹಪಾಠಿ ಆಲಿವರ್ ಸ್ಮೂಟ್‌ನನ್ನು ಇದರ ಮೇಲೆ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ಸೇತುವೆಯ ಉದ್ದವನ್ನು ಅವನ ಎತ್ತರದಲ್ಲಿಯೇ ಅಳೆದರು: 364.4 ಸ್ಮೂಟ್, ಮೇಲೊಂದು ಕಿವಿ. ಆ ಸ್ಮೂಟ್ ಮುಂದೆ ಅಳತೆ, ಗುಣಮಟ್ಟಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಸ್‌ಒದ ಅಧ್ಯಕ್ಷರಾದರು. ಹತ್ತು ಹತ್ತು ಸ್ಮೂಟಿಗೊಂದು ಗುರುತನ್ನು ಇಂದಿಗೂ ಬಣ್ಣದಲ್ಲಿ ಬರೆಯುತ್ತಾರೆ. ಮೊನ್ನೆ ನಾವು ಸೇತುವೆಯ ಮೇಲಿದ್ದಾಗಲೇ ಮನೆಯಿಂದ ಫೋನು ಬಂತು, ಇನ್ನೂ ಎಷ್ಟು ದೂರ ಎಂದು. ನೆಲದ ಮೇಲಿನ ಗುರುತು ನೋಡಿ ಗೆಳತಿ ಉತ್ತರಿಸಿದರು: "ನೂರ ಎಂಬತ್ತು ಸ್ಮೂಟ್."