ಪ್ರತಿತೂಕಕ್ಕೆ ಕೊರೆದ ತೂತುಗಳು

14 ಜನವರಿ 2024, ಭಾನುವಾರ

ಎಂಜಿನ್ ಅದುರುತ್ತಿದೆ ಎಂದರೆ ಸಾಲದು, ಯಾವ ದಿಕ್ಕಿಗೆ ಅದುರುತ್ತಿದೆ ಎಂದು ಮೊದಲು ನೋಡಬೇಕು. ಇದು ಅಡ್ಡ ಮಲಗಿದ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ಎರಡೂ ಪಕ್ಕಕ್ಕೆ ಫ್ಲೈವೀಲ್‌ಗಳೆಂಬ ಭಾರದ ಚಕ್ರಗಳಿವೆ, ವೇಗ 650 ಆರ್‌ಪಿಎಂ, ಅಂದರೆ ನಿಮಿಷಕ್ಕೆ 650 ಸುತ್ತು. ಮೇಲೆ ಕೆಳಗೆ ಕುಪ್ಪಳಿಸುವುದಿಲ್ಲ, ಸಿಲಿಂಡರಿನ ಉದ್ದಕ್ಕೆ ಹಿಂದೆ ಮುಂದೆ ಎಳೆದಾಡುತ್ತದೆ. ಎಡಗಡೆಯ ಬೇರಿಂಗಿನ ಬಳಿ ಹೆಚ್ಚು.

ಪೂರ್ಣ ವೇಗಕ್ಕೆ ತಂದು ಇಂಧನ ನಿಲ್ಲಿಸಿದೆ. ಸಿಲಿಂಡರಿನೊಳಗೆ ಉರಿಯುವುದು ನಿಂತಮೇಲೂ ಅದುರು ಹಾಗೆಯೇ ಇತ್ತು, ವೇಗ ಇಳಿದಂತೆ ಬೇಗ ಕರಗಿತು. ತಿರುಗುವ ತೂಕದ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗ. ಹಾಗಾಗಿ ಇಂಧನ ಪಂಪನ್ನು ಬಿಚ್ಚುವ ಮಾತೇ ಇಲ್ಲ.

ಎಂಜಿನ್ನಿನ ಕಾಲುಗಳು ಅಡಿಪಾಯದ ಮೇಲೆ ಸರಿಯಾಗಿ ಕೂತಿವೆಯೇ ಎಂದು ಫೌಂಡೇಶನ್ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿ, ಸಣ್ಣ ಸರಿದಾಟವನ್ನೂ ತೋರಿಸುವ ಡಯಲ್ ಗೇಜ್ ನೋಡಿದೆ. ಯಾವ ಕಾಲೂ ಏಳಲಿಲ್ಲ. ಚಕ್ರವನ್ನು ದಂಡಕ್ಕೆ ಬಿಗಿಯುವ ಓರೆ ಕೀಲಿಯನ್ನು ಬಿಗಿಯಾಗಿ ಬಡಿದರೆ ಚಕ್ರದ ಗುಂಬ, ಅಂದರೆ ನಡುಭಾಗ, ಒಂದು ಪಕ್ಕಕ್ಕೆ ಸರಿಯುತ್ತದೆ ಎಂದು, ಸುತ್ತುವಾಗ ಅಂಚು ಎಷ್ಟು ಓಲಾಡುತ್ತದೆ ಎಂಬುದನ್ನೂ ಅಳೆದೆ. ಅದೂ ಸರಿಯಿದೆ.

ಎಡ ಚಕ್ರದ ಒಳಮುಖದ ಜಿಡ್ಡು ಒರೆಸಿದಾಗ ಕಾರಣ ಸಿಕ್ಕಿತು. ಪ್ರತಿತೂಕಕ್ಕೆಂದು ದಪ್ಪವಾಗಿ ಎರಕ ಹೊಯ್ದ ಜಾಗದಲ್ಲೇ ಮೂರು ತೂತುಗಳು. ಒಂದೊಂದೂ 20 ಮಿ.ಮೀ. ಅಗಲ, 30 ಮಿ.ಮೀ. ಆಳ. ಹಿಂದೆ ಯಾರೋ ಚಕ್ರವನ್ನು ಬಿಚ್ಚಿ ಸಮಮಟ್ಟದಲ್ಲಿಟ್ಟ ಎರಡು ಅಲಗುಗಳ ಮೇಲೆ ಉರುಳಿಸಿ, ಭಾರದ ಪಕ್ಕ ಕೆಳಗೆ ಬಂದಿತೆಂದು ಅದನ್ನು ಹಗುರ ಮಾಡಿದ್ದಾರೆ. ನನಗೆ ನಿಜಕ್ಕೂ ಸಿಟ್ಟು ಬಂತು. ಇಂಥ ಚಕ್ರ ಒಂಟಿಯಾಗಿ ಸಮತೂಕದಲ್ಲಿ ಇರಲೇಬಾರದು. ಪಿಸ್ಟನ್ನಿನ ದಂಡ ಕೂಡುವ ಕ್ರ್ಯಾಂಕ್ ಪಿನ್ನಿನ ಜೊತೆ ಸುತ್ತುವ ತೂಕವನ್ನು ಪೂರ್ತಿಯಾಗಿ, ಪಿಸ್ಟನ್ನಿನ ಜೊತೆ ಹಿಂದೆ ಮುಂದೆ ಓಡುವ ತೂಕವನ್ನು ಸಾಮಾನ್ಯವಾಗಿ ಅರ್ಧದಷ್ಟು ಎದುರಿಸಲೆಂದೇ ಆ ಪಕ್ಕ ಭಾರವಾಗಿದೆ. ಓಡುವ ತೂಕವನ್ನು ಪೂರ್ತಿ ಎದುರಿಸಲು ಹೋದರೆ ಅದುರು ಸಾಯುವುದಿಲ್ಲ, ಅಡ್ಡ ಇದ್ದದ್ದು ಲಂಬವಾಗುತ್ತದೆ ಅಷ್ಟೇ. ಪ್ರತಿತೂಕ ಹೆಚ್ಚಾದ ಅಡ್ಡ ಎಂಜಿನ್ ಕುಪ್ಪಳಿಸುತ್ತದೆ, ಕಡಿಮೆಯಾದದ್ದು ಹೀಗೆ ಎಳೆದಾಡುತ್ತದೆ.

ಲೆಕ್ಕ ಹಾಕಿದೆ. ಒಂದು ತೂತಿನಿಂದ ಹೋದ ಬೀಡುಕಬ್ಬಿಣ ಸುಮಾರು 68 ಗ್ರಾಂ, ಮೂರರಿಂದ 204 ಗ್ರಾಂ. ಕೈಯಲ್ಲಿ ಹಿಡಿದರೆ ಏನೂ ಅಲ್ಲ. ಆದರೆ ಅದು ನಡುವಿನಿಂದ 270 ಮಿ.ಮೀ. ದೂರದಲ್ಲಿತ್ತು. ಕ್ರ್ಯಾಂಕಿನ ತ್ರಿಜ್ಯ (ನಡುವಿನಿಂದ ಪಿನ್ನಿಗಿರುವ ದೂರ) 55 ಮಿ.ಮೀ., ಅಂದರೆ ಪಿನ್ನಿನ ಬಳಿ ಒಂದು ಕಿಲೋ ಕಳೆದುಕೊಂಡಂತೆ. 650 ಆರ್‌ಪಿಎಂನಲ್ಲಿ ಅದು ಸುಮಾರು 255 ನ್ಯೂಟನ್. 26 ಕಿಲೋ ಭಾರದಷ್ಟು ಬಲ ಪ್ರತಿ ಸುತ್ತಿಗೂ ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆಯುತ್ತದೆ.

ಲೆಕ್ಕವನ್ನಷ್ಟೇ ನಂಬದೆ ಬಲ ಚಕ್ರವನ್ನೂ ಬಿಚ್ಚಿದೆ. ಎರಡೂ ಒಂದೇ ಅಚ್ಚಿನವು. ಎರಡನ್ನೂ ಅಲಗುಗಳ ಮೇಲಿಟ್ಟು, ಎಲ್ಲಿ ಬಿಟ್ಟರೂ ಉರುಳದೆ ನಿಲ್ಲುವವರೆಗೆ ಎದುರು ಅಂಚಿಗೆ ತೂಕ ಕಟ್ಟಿದೆ. ಎರಡರ ಅಂತರ ತೂತುಗಳ ಲೆಕ್ಕಕ್ಕೆ ಹೊಂದಿತು.

ತೂತುಗಳಿಗೆ ತಿರುಪಿನ ಹಲ್ಲು ಕೊಯ್ದು ಉಕ್ಕಿನ ತುಂಡುಗಳನ್ನು ಬಿಗಿದೆ. ಉಕ್ಕು ಬೀಡಿಗಿಂತ ಸಾಂದ್ರವಾದ್ದರಿಂದ ತುಂಡು ಸ್ವಲ್ಪ ಗಿಡ್ಡವಿರಬೇಕು; ತಕ್ಕಡಿ ನೋಡಿಯೇ ಅರದಿಂದ ಉಜ್ಜಿ ಸವೆಸಿದೆ. ತೂತುಗಳು ಅಂಚಿನ ಪಕ್ಕದ ಮುಖದಲ್ಲಿ ಇದ್ದದ್ದು ಅದೃಷ್ಟ, ಸುತ್ತುವ ಬಲ ತುಂಡನ್ನು ನೇರವಾಗಿ ಹೊರಗೆ ಎಳೆಯುವುದಿಲ್ಲ. ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿದೆ. ಬಿರುಕಿನ ಒಡಕು ದನಿ ಇಲ್ಲ.

ಸಂಜೆ ಓಡಿಸಿದಾಗ ಎಳೆದಾಟ ತಗ್ಗಿತು, ಎಡ ಬಲದ ಬೇರಿಂಗ್‌ಗಳ ಬಳಿ ಅದುರು ಸಮಾನವಾಗಿದೆ. ಉಳಿದ ಸಣ್ಣ ನಡುಕ ಒಂಟಿ ಸಿಲಿಂಡರಿಗೆ ಸಹಜವಾದದ್ದು, ಅದನ್ನು ಬೆನ್ನಟ್ಟುವುದಿಲ್ಲ. ನಾಳೆ ಪೂರ್ತಿ ಹೊರೆ ಹಾಕಿ ಓಡಿಸಿ, ನಿಲ್ಲಿಸಿದ ಮೇಲೆ ತುಂಡುಗಳ ಬಿಗಿಯನ್ನೂ ಕೀಲಿಗಳನ್ನೂ ಮತ್ತೆ ನೋಡಬೇಕು.