ಆರಾಮಾಗಿರುವ ದಿನವೂ ಪಂಪ್ ಯಾಕೆ?

"ಈಗ ಆರಾಮಾಗಿದ್ದೀರಲ್ಲ, ಮತ್ತೆ ಯಾಕೆ ದಿನಾ ಪಂಪ್ ತಗೋತೀರಿ? ಅದು ಅಭ್ಯಾಸ ಆಗಿಬಿಡಲ್ವಾ?"

ನನಗೆ ಅಸ್ತಮಾ ಇದೆ. ಪಂಪ್ ಅಂದರೆ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಇನ್ಹೇಲರ್. ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ನೆಂಟರು ಕೇಳುತ್ತಾರೆ, ಜೊತೆಯಲ್ಲಿ ಕೆಲಸ ಮಾಡುವವರು ಕೇಳುತ್ತಾರೆ. ಪ್ರಯಾಣದಲ್ಲಿ ಪಕ್ಕದ ಸೀಟಿನಲ್ಲಿ ಕೂತವರೂ ಕೇಳಿದ್ದಾರೆ. ಹೆಚ್ಚಾಗಿ ಕೇಳುವವರ ಮನೆಯಲ್ಲೇ ಯಾರಿಗೋ ಅಸ್ತಮಾ ಇರುತ್ತದೆ, ಬಹಳ ಸಲ ಒಂದು ಮಗುವಿಗೆ. ನಾನು ಹೇಳಿದ್ದು ಆ ಮಗುವಿನವರೆಗೂ ಹೋಗುತ್ತದೆ. ಅದಕ್ಕೇ ನಾಲ್ಕು ಮಾತಿನಲ್ಲಿ ಮುಗಿಸದೆ, ಕೂತು ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ ಇಷ್ಟೇ: ನಾನು ಆರಾಮಾಗಿರುವುದೇ ಆ ಪಂಪ್‌ನಿಂದ.

ದಮ್ಮು ಅನ್ನಿ, ಉಬ್ಬಸ ಅನ್ನಿ, ಗೂರಲು ಅನ್ನಿ. ಅದು ಬಂದಾಗ ಸುತ್ತ ಇರುವವರು "ಉಸಿರು ಎಳೆದುಕೋ, ಎಳೆದುಕೋ" ಅನ್ನುತ್ತಾರೆ. ಆದರೆ ನಮಗೆ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಜಾಸ್ತಿ ಕಷ್ಟ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಂದಿರುವುದಿಲ್ಲ, ಅಷ್ಟರಲ್ಲಿ ಮುಂದಿನ ಉಸಿರಿನ ಹೊತ್ತಾಗುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಹೊರಗೆ ಹೋಗುವ ಗಾಳಿ ಇಕ್ಕಟ್ಟಿನಲ್ಲಿ ನುಸುಳುವಾಗ ಬರುವುದೇ ಆ ಸುಯ್ ಅನ್ನುವ ಸದ್ದು.

ಆಗ ಶ್ವಾಸನಾಳದಲ್ಲಿ ಮೂರು ಕೆಲಸ ನಡೆದಿರುತ್ತದೆ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಗೋಡೆ ಊದಿಕೊಳ್ಳುತ್ತದೆ. ಕಫ ಕಟ್ಟುತ್ತದೆ. ಸ್ನಾಯುವಿನ ಬಿಗಿತ ಬೇಗ ಬರುತ್ತದೆ, ಔಷಧಿ ಸಿಕ್ಕರೆ ಬೇಗ ಬಿಡುತ್ತದೆ. ಊತ ಹಾಗಲ್ಲ. ನಾನು ನಗುನಗುತ್ತಾ ಮೆಟ್ಟಿಲು ಹತ್ತುವ ದಿನವೂ ಅದು ಒಳಗೆ ಇರಬಹುದು. ನೋಯುವುದಿಲ್ಲ, ಕೆಮ್ಮಿಸುವುದೂ ಇಲ್ಲ. ಊದಿಕೊಂಡ ನಾಳ ಮಾತ್ರ ಸಿಟ್ಟಿನ ಮನುಷ್ಯನಿದ್ದ ಹಾಗೆ. ಸ್ವಲ್ಪ ಹೊಗೆ ತಾಗಿದರೆ ಸಾಕು, ಮುಚ್ಚಿಕೊಂಡುಬಿಡುತ್ತದೆ.

ಈ ಎರಡಕ್ಕೆ ಎರಡು ಬೇರೆ ಔಷಧಿ ಇದೆ. ಎಲ್ಲ ಗೊಂದಲ ಹುಟ್ಟುವುದು ಇಲ್ಲೇ. ಒಂದು, ತಕ್ಷಣ ಆರಾಮ ಕೊಡುವ ಸಾಲ್ಬ್ಯುಟಮಾಲ್. ಬಹಳ ಕಡೆ ನೀಲಿ ಬಣ್ಣದ ಪಂಪ್‌ನಲ್ಲಿ ಬರುತ್ತದೆ. ಕೆಲವೇ ನಿಮಿಷದಲ್ಲಿ ಸ್ನಾಯುವನ್ನು ಸಡಿಲ ಮಾಡುತ್ತದೆ, ನಾಲ್ಕರಿಂದ ಆರು ಗಂಟೆ ಇರುತ್ತದೆ. ಊತವನ್ನು ಮುಟ್ಟುವುದೂ ಇಲ್ಲ. ಇನ್ನೊಂದು, ಊತ ಇಳಿಸುವ ಪಂಪ್. ಬ್ಯುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಅನ್ನುವ ಹೆಸರು ಇದ್ದರೆ ಅದು ಈ ಜಾತಿಯದು. ಇದರ ಕೆಲಸ ದಿನಗಳಲ್ಲಿ, ವಾರಗಳಲ್ಲಿ ನಡೆಯುತ್ತದೆ. ತೆಗೆದುಕೊಂಡ ಕ್ಷಣ ಏನೂ ಅನಿಸುವುದಿಲ್ಲ. ಏನೂ ಅನಿಸದ ಔಷಧಿಯನ್ನು ದಿನಾ ತೆಗೆದುಕೊಳ್ಳಲು ಮನಸ್ಸು ಒಪ್ಪಬೇಕಲ್ಲ, ಅದು ಕಷ್ಟ. ನನಗೂ ಕಷ್ಟವಾಗಿತ್ತು.

ಕೆಲವು ವರ್ಷದ ಹಿಂದೆ ಸತತ ಎಂಟು ತಿಂಗಳು ನನಗೆ ದಮ್ಮು ಬರಲಿಲ್ಲ. ವಾಸಿಯಾಯಿತು ಅಂದುಕೊಂಡೆ. ಯಾರನ್ನೂ ಕೇಳದೆ ದಿನದ ಪಂಪ್ ಬಿಟ್ಟೆ. ಮೊದಲ ಮೂರು ವಾರ ಏನೂ ಆಗಲಿಲ್ಲ, ಧೈರ್ಯ ಬಂತು. ಆಮೇಲೆ ರಾತ್ರಿ ಸಣ್ಣ ಕೆಮ್ಮು ಶುರುವಾಯಿತು. ನೀಲಿ ಪಂಪ್ ಒತ್ತಿದರೆ ಹೋಗುತ್ತಿತ್ತು. ವಾರಕ್ಕೆ ಒಂದು ಸಲ ಇದ್ದದ್ದು ದಿನಕ್ಕೆ ಒಂದು ಸಲವಾಯಿತು, ಆಮೇಲೆ ಮೂರು ಸಲ. ಒತ್ತಿದ ತಕ್ಷಣ ಆರಾಮ ಸಿಗುತ್ತಿತ್ತಲ್ಲ, ಅದಕ್ಕೇ ಹೆದರಿಕೆಯೇ ಆಗಲಿಲ್ಲ. ಒಂದು ನೆಗಡಿ ಬಂತು. ಎರಡನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕೂತೆ. "ನೀರು ಕೊಡಿ" ಅನ್ನುವ ಎರಡು ಪದ ಹೇಳಲು ಎರಡು ಉಸಿರು ಬೇಕಾಯಿತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಾಕಿದರು. ಊತ ಇಳಿಸಲು ಐದು ದಿನ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ಹೊರಡುವಾಗ ವೈದ್ಯರು ಒಂದೇ ಪ್ರಶ್ನೆ ಕೇಳಿದರು: "ಹೋದ ಒಂದು ವರ್ಷದಲ್ಲಿ ನೀಲಿ ಪಂಪ್ ಎಷ್ಟು ಖಾಲಿ ಮಾಡಿದಿರಿ?" ನೆನೆಸಿಕೊಂಡು ಎಣಿಸಿದೆ. ಐದು.

ಆ ಸಂಖ್ಯೆ ಯಾಕೆ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ಒಂದು ಪಂಪ್‌ನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತದೆ, ಒಂದು ಸಲ ಒತ್ತಿದರೆ ಒಂದು ಪಫ್. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ನೀಲಿ ಪಂಪ್ ಖಾಲಿಯಾಗುತ್ತಿದ್ದರೆ ಜೋರಾದ ದಮ್ಮು ಬರುವ ಅಪಾಯ ಹೆಚ್ಚು. ಹನ್ನೆರಡು ದಾಟಿದರೆ ಪ್ರಾಣಕ್ಕೇ ಅಪಾಯ ಹೆಚ್ಚು. ಇದು ಜಿನಾ ಎಂದು ಕರೆಯುವ ಗ್ಲೋಬಲ್ ಇನಿಶಿಯೇಟಿವ್ ಫಾರ್ ಅಸ್ತಮಾ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. 2019ರಲ್ಲಿ ಅದೇ ಸಂಸ್ಥೆ ಇನ್ನೊಂದು ದೊಡ್ಡ ಮಾತು ಹೇಳಿತು. 12 ವರ್ಷ ದಾಟಿದ ಯಾರಿಗೂ ಬರೀ ಸಾಲ್ಬ್ಯುಟಮಾಲ್ ಥರದ ಔಷಧಿಯಿಂದ ಮಾತ್ರ ಅಸ್ತಮಾ ನಡೆಸಬಾರದು, ಊತ ಇಳಿಸುವ ಔಷಧಿ ಜೊತೆಗೆ ಇರಲೇಬೇಕು ಅಂತ. ಈಗ ಕೆಲವರಿಗೆ ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಪಂಪ್ ಕೊಡುತ್ತಾರೆ. ಫಾರ್ಮೊಟೆರಾಲ್ ಕೂಡ ಬೇಗ ಕೆಲಸ ಮಾಡುತ್ತದೆ. ಹಾಗಾಗಿ ದಮ್ಮು ಬಂದಾಗ ಅದನ್ನೇ ತೆಗೆದುಕೊಂಡರೆ, ಆರಾಮದ ಜೊತೆಗೆ ಊತದ ಔಷಧಿಯೂ ಒಳಗೆ ಹೋಗುತ್ತದೆ.

ಈಗ "ಅಭ್ಯಾಸ ಆಗಿಬಿಡಲ್ವಾ" ಅನ್ನುವ ಮಾತಿಗೆ ಬರುತ್ತೇನೆ. ದಿನದ ಪಂಪ್ ಚಟ ಹಿಡಿಸುವುದಿಲ್ಲ. ಬಿಟ್ಟಾಗ ದಮ್ಮು ಮರಳಿದರೆ, ಇದ್ದ ರೋಗವೇ ಮತ್ತೆ ತಲೆ ಎತ್ತಿದೆ ಅಂತ ಅರ್ಥ. ಅತಿಯಾಗಿ ಬಳಸಿದರೆ ತೊಂದರೆ ಕೊಡುವುದು ನೀಲಿ ಪಂಪ್. ದಿನಾ ಮತ್ತೆ ಮತ್ತೆ ಒತ್ತುತ್ತಿದ್ದರೆ ದೇಹ ಅದಕ್ಕೆ ಮೊದಲಿನಷ್ಟು ಸ್ಪಂದಿಸುವುದಿಲ್ಲ, ನಾಳ ಇನ್ನೂ ಸೂಕ್ಷ್ಮವಾಗುತ್ತದೆ. ಆದರೆ ಜನ ಹೆದರುವುದು ಯಾವುದಕ್ಕೆ? ದಿನದ ಪಂಪ್‌ಗೆ. ನಂಬುವುದು ಯಾವುದನ್ನು? ನೀಲಿ ಪಂಪನ್ನು. ನಾನೂ ಆ ಐದು ಡಬ್ಬಿ ಮುಗಿಸುವವರೆಗೆ ಹಾಗೇ ನಂಬಿದ್ದೆ. ನಮ್ಮ ಹೆದರಿಕೆ ತಪ್ಪು ಪಂಪ್ ಮೇಲೆ ಕೂತಿದೆ. ನನ್ನನ್ನು ಕೇಳುವ ಎಲ್ಲರಿಗೂ ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

"ದಿನದ ಪಂಪ್‌ನಲ್ಲಿ ಸ್ಟಿರಾಯ್ಡ್ ಇದೆಯಂತಲ್ಲ?" ಹೌದು, ಇದೆ. ಮೈಕಟ್ಟು ಬೆಳೆಸಲು ಕೆಲವರು ತೆಗೆದುಕೊಳ್ಳುವ ಸ್ಟಿರಾಯ್ಡ್ ಬೇರೆ, ಇದು ಬೇರೆ. ಪಂಪ್‌ನ ಔಷಧಿಯನ್ನು ಮೈಕ್ರೋಗ್ರಾಂನಲ್ಲಿ ಅಳೆಯುತ್ತಾರೆ, ಅಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು. ಸಾಲ್ಬ್ಯುಟಮಾಲ್ ಸ್ಟಿರಾಯ್ಡ್ ಅಲ್ಲ, ಆದರೂ ಅಳತೆಗೆ ಅದರ ಉದಾಹರಣೆ ನೋಡಿ. ಮಾತ್ರೆಯಾಗಿ ನುಂಗಿದರೆ 4 ಮಿಲಿಗ್ರಾಂ. ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಯಲ್ಲಿ 40 ಪಫ್‌ನಷ್ಟು ಔಷಧಿ. ಮಾತ್ರೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತಿ ಎದೆಗೆ ಬರಬೇಕು, ಪಫ್ ನೇರವಾಗಿ ಎದೆಗೇ ಹೋಗುತ್ತದೆ. "ಮಾತ್ರೆ ಸೌಮ್ಯ, ಪಂಪ್ ಕೊನೆಯ ಔಷಧಿ" ಅನ್ನುವ ನಂಬಿಕೆ ಎಷ್ಟು ತಲೆಕೆಳಗಾದದ್ದು, ಅಲ್ವಾ? ಊತದ ಔಷಧಿಯೂ ಹಾಗೇ. ದಿನದ ಪಂಪ್ ಬಿಟ್ಟ ನಾನು ಕೊನೆಗೆ ಸ್ಟಿರಾಯ್ಡ್ ಮಾತ್ರೆಯನ್ನೇ ನುಂಗಬೇಕಾಯಿತು.

ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ. ಗಂಟಲು ಕಟ್ಟಬಹುದು, ಬಾಯಲ್ಲಿ ಬಿಳಿ ಕಲೆ ಬರಬಹುದು. ತೆಗೆದುಕೊಂಡ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದರೆ ಇದು ಬಹಳ ಕಡಿಮೆಯಾಗುತ್ತದೆ. ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಆಗಬಹುದು. ಜಾಸ್ತಿ ಡೋಸ್ ಬಹಳ ವರ್ಷ ಬೇಕಾದವರ ವಿಷಯದಲ್ಲಿ ವೈದ್ಯರು ಇನ್ನೂ ಕೆಲವನ್ನು ಗಮನಿಸುತ್ತಾರೆ. ಇದನ್ನೆಲ್ಲ ಒಂದು ಕಡೆ ಇಟ್ಟು, ರಾತ್ರಿ ನಿದ್ದೆಯಿಲ್ಲದೆ ಕೂತ ಮಗುವನ್ನು ಇನ್ನೊಂದು ಕಡೆ ಇಟ್ಟು ನೋಡಿ.

ಪಂಪ್ ಹಿಡಿಯುವ ಕ್ರಮದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ನಾನು ಎಷ್ಟೋ ವರ್ಷ ಅದನ್ನು ತಪ್ಪಾಗಿಯೇ ಹಿಡಿದಿದ್ದೆ. ಬಾಯಿಗಿಟ್ಟು ಒತ್ತಿ, ಆಮೇಲೆ ಜೋರಾಗಿ ಎಳೆಯುತ್ತಿದ್ದೆ. ಔಷಧಿಯೆಲ್ಲ ನಾಲಿಗೆಗೂ ಗಂಟಲಿನ ಹಿಂಬದಿಗೂ ಬಡಿಯುತ್ತಿತ್ತು. ಮೊದಲು ಅಲುಗಿಸಬೇಕು. ಉಸಿರು ಪೂರ್ತಿ ಹೊರಗೆ ಬಿಡಬೇಕು. ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಎಳೆಯಲು ಶುರು ಮಾಡುತ್ತಲೇ ಒತ್ತಬೇಕು. ಎಳೆಯುವುದು ನಿಲ್ಲಬಾರದು. ಆಮೇಲೆ ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಎರಡನೇ ಪಫ್ ಬೇಕಾದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲುಗಿಸಿ ತೆಗೆದುಕೊಳ್ಳಬೇಕು. ಇದನ್ನು ಹೊಂದಿಸುವುದು ದೊಡ್ಡವರಿಗೇ ಕಷ್ಟ. ಅದಕ್ಕೆ ಸ್ಪೇಸರ್ ಇದೆ. ಪ್ಲಾಸ್ಟಿಕ್ ಕೊಳವೆಯಂಥದ್ದು, ಪಂಪ್‌ಗೂ ಬಾಯಿಗೂ ಮಧ್ಯೆ ಇರುತ್ತದೆ. ಔಷಧಿ ಅದರೊಳಗೆ ಒಂದು ಗಳಿಗೆ ನಿಲ್ಲುವುದರಿಂದ ಸಾವಕಾಶವಾಗಿ ಎಳೆದುಕೊಳ್ಳಬಹುದು. ಅದು ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ನಾನು ಇವತ್ತಿಗೂ ಬಳಸುತ್ತೇನೆ. ತೊಳೆದ ಮೇಲೆ ಒಳಗೆ ಬಟ್ಟೆಯಲ್ಲಿ ಒರೆಸಬೇಡಿ, ಹಾಗೇ ಒಣಗಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ. ಪುಡಿ ಎಳೆಯುವ ಇನ್ಹೇಲರ್ ಇದ್ದರೆ ಕ್ರಮ ಬೇರೆ. ಅಲ್ಲಿ ಜೋರಾಗಿ, ಆಳವಾಗಿಯೇ ಎಳೆಯಬೇಕು, ಅದರೊಳಗೆ ಉಸಿರು ಊದಬಾರದು.

ಈ ಪಂಪ್ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1950ರ ದಶಕದಲ್ಲಿ ಅಸ್ತಮಾ ಇದ್ದವರು ಒತ್ತಿ ಒತ್ತಿ ಹಿಂಡುವ ಗಾಜಿನ ನೆಬ್ಯುಲೈಸರ್ ಬಳಸುತ್ತಿದ್ದರು. ಅಮೆರಿಕದ ಒಂದು ಔಷಧಿ ಕಂಪನಿಯ ಮುಖ್ಯಸ್ಥರ 13 ವರ್ಷದ ಮಗಳಿಗೂ ಅದೇ ಗತಿ. ಸ್ಪ್ರೇ ಡಬ್ಬಿಯಲ್ಲಿ ಬೇರೆಲ್ಲ ಬರುತ್ತದೆ, ನನ್ನ ಔಷಧಿ ಯಾಕೆ ಬರುವುದಿಲ್ಲ ಅಂತ ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಪ್ರತಿ ಒತ್ತಿಗೂ ಒಂದೇ ಅಳತೆ ಬರುವ ಮೊದಲ ಇನ್ಹೇಲರ್ ಮಾರಾಟಕ್ಕೆ ಬಂತು.

ಇನ್ನು ದಮ್ಮು ಕೆರಳಿಸುವ ವಿಷಯಗಳು. ಬೇರೆಯವರ ಪಟ್ಟಿ ಇಟ್ಟುಕೊಂಡು ಎಲ್ಲವನ್ನೂ ಬಿಟ್ಟು ಬದುಕಲು ಆಗುವುದಿಲ್ಲ. ನಿಮ್ಮನ್ನು ಯಾವುದು ಕೆರಳಿಸುತ್ತದೆ ಅಂತ ನೀವೇ ಕಂಡುಕೊಳ್ಳಬೇಕು. ನಾನು ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ನೆಗಡಿ ಎಲ್ಲಕ್ಕಿಂತ ಮೇಲೆ ಬಂತು, ಆಮೇಲೆ ಹೊಗೆ, ತಣ್ಣನೆ ಗಾಳಿ, ಹಾಸಿಗೆಯ ಧೂಳು. ಧೂಳಿನ ನುಸಿ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಹಾಸಿಗೆ ದಿಂಬಿನಲ್ಲೇ ಬದುಕುತ್ತದೆ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆದರೆ ಸಾಯುತ್ತದೆ. ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಆಗುವುದಿಲ್ಲ. ರಕ್ತದೊತ್ತಡಕ್ಕೆ, ನಡುಕಕ್ಕೆ ಕೊಡುವ ಪ್ರೊಪ್ರನಲಾಲ್, ಕಣ್ಣಿಗೆ ಹಾಕುವ ಟಿಮೊಲಾಲ್ ಹನಿ ಕೂಡ ಶ್ವಾಸನಾಳವನ್ನು ಬಿಗಿಸಬಹುದು. ಕಣ್ಣಿನ ವೈದ್ಯರ ಹತ್ತಿರ ಹೋದಾಗಲೂ "ನನಗೆ ಅಸ್ತಮಾ ಇದೆ" ಅಂತ ಹೇಳಿ, ದಯವಿಟ್ಟು.

ಗುಡುಗು ಮಳೆಯೂ ಕೆರಳಿಸಬಲ್ಲದು. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಬಿರುಗಾಳಿಯ ತೇವಕ್ಕೆ ಹುಲ್ಲಿನ ಪರಾಗ ಒಡೆದು ಸಣ್ಣ ಚೂರಾಗಿ ಜನರ ಎದೆಗೆ ಇಳಿಯಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಅವತ್ತು ತೊಂದರೆಯಾದವರಲ್ಲಿ ಎಷ್ಟೋ ಜನಕ್ಕೆ ಮೊದಲು ಅಸ್ತಮಾ ಇದೆ ಅಂತಲೇ ಗೊತ್ತಿರಲಿಲ್ಲ.

ವ್ಯಾಯಾಮವನ್ನು ಮಾತ್ರ ಈ ಪಟ್ಟಿಗೆ ಸೇರಿಸಿ ಬಿಟ್ಟುಬಿಡಬೇಡಿ. ಓಡಿದರೆ ದಮ್ಮು ಬರುತ್ತದೆ ಅಂದರೆ ಊತ ಹತೋಟಿಯಲ್ಲಿಲ್ಲ ಅಂತ ಅರ್ಥ ಇರಬಹುದು. ಮಗುವನ್ನು ಆಟದಿಂದ ಹೊರಗೆ ಕೂರಿಸುವ ಮುಂಚೆ ಒಮ್ಮೆ ವೈದ್ಯರಿಗೆ ತೋರಿಸಿ.

ನನಗೆ ತುಂಬಾ ಉಪಯೋಗವಾದ ಇನ್ನೊಂದು ಸಾಮಾನು ಪೀಕ್ ಫ್ಲೋ ಮೀಟರ್. ಜೋರಾಗಿ ಊದಿದರೆ ಉಸಿರಿನ ವೇಗ ತೋರಿಸುತ್ತದೆ. ಚೆನ್ನಾಗಿರುವಾಗ ನನ್ನದು ನಿಮಿಷಕ್ಕೆ 420 ಲೀಟರ್. ಅದರ 80 ಶೇಕಡಾ ಅಂದರೆ 336, ಅದಕ್ಕಿಂತ ಮೇಲಿದ್ದರೆ ಹಸಿರು. ಅರ್ಧ ಅಂದರೆ 210, ಅದಕ್ಕಿಂತ ಕೆಳಗೆ ಕೆಂಪು. ನಡುವೆ ಹಳದಿ. ಎದೆಗೆ ಏನೂ ಅನಿಸದ ದಿನವೂ ಮುಳ್ಳು 330ಕ್ಕೆ ನಿಂತರೆ, ಏನೋ ಶುರುವಾಗಿದೆ ಅಂತ ನನಗೆ ಒಂದೆರಡು ದಿನ ಮೊದಲೇ ತಿಳಿಯುತ್ತದೆ. ಯಾವ ಬಣ್ಣಕ್ಕೆ ಏನು ಮಾಡಬೇಕು ಅಂತ ವೈದ್ಯರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಮನೆಯವರಿಗೂ ಅದು ಗೊತ್ತು.

ಜೋರಾಗಿ ಬಂದಾಗ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಮನೆಯವರಿಗೂ ಹೇಳಿಡಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸ್ಪೇಸರ್‌ನಲ್ಲಿ ನೀಲಿ ಪಂಪ್ ಒಂದೊಂದೇ ಪಫ್, ಅರ್ಧ ನಿಮಿಷಕ್ಕೆ ಒಂದರಂತೆ ಹತ್ತರವರೆಗೆ ಕೊಡಬಹುದು. ಆದರೂ ಕಡಿಮೆಯಾಗದಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ಸುಯ್ ಸದ್ದು ನಿಂತಿತು ಅಂತ ಸಮಾಧಾನ ಪಡಬೇಡಿ. ಸುಸ್ತಾದ ಮನುಷ್ಯನ ಎದೆಯಲ್ಲಿ ಸದ್ದು ನಿಂತರೆ, ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಅಂತ ಅರ್ಥ.

"ಹಾಗಾದರೆ ಜೀವನಪೂರ್ತಿ ಇಷ್ಟೇ ತೆಗೆದುಕೊಳ್ಳಬೇಕಾ?" ಅಂತ ಕೊನೆಗೆ ಕೇಳುತ್ತಾರೆ. ಇಷ್ಟೇ ಅಂತೇನಿಲ್ಲ. ಸುಮಾರು ಮೂರು ತಿಂಗಳು ಪೂರ್ತಿ ಹತೋಟಿಯಲ್ಲಿದ್ದರೆ ವೈದ್ಯರು ಡೋಸ್ ಮೆಲ್ಲಗೆ ಇಳಿಸಿ ನೋಡುತ್ತಾರೆ. ಆಸ್ಪತ್ರೆಯಿಂದ ಬಂದ ವರ್ಷ ನಾನು ಬೆಳಿಗ್ಗೆ ಎರಡು, ರಾತ್ರಿ ಎರಡು ಪಫ್ ತೆಗೆದುಕೊಳ್ಳುತ್ತಿದ್ದೆ. ಈಗ ಒಂದೊಂದಕ್ಕೆ ಬಂದಿದ್ದೇನೆ. ಮುಂದಿನ ತಿಂಗಳು ಮತ್ತೆ ತೋರಿಸಬೇಕು. ಬರೆದಿಟ್ಟ ಪುಸ್ತಕ, ಎರಡೂ ಪಂಪ್, ಸ್ಪೇಸರ್ ಎಲ್ಲ ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ. ನಾನು ಪಂಪ್ ಹಿಡಿಯುವುದನ್ನು ಅವರು ಪ್ರತಿ ಸಲವೂ ಎದುರಿಗೆ ಕೂರಿಸಿಕೊಂಡು ನೋಡುತ್ತಾರೆ.