ರೈಫಲ್‌ಗೆ ಹೊಸ ಟ್ರಿಗರ್, ಒಂದು ತಪ್ಪು ಆರ್ಡರ್ ಸಮೇತ

ಊರಿನ ಮನೆಯಲ್ಲಿ ಇದ್ದದ್ದು ಜೋಡು ನಳಿಗೆಯ ತೋಟಾ ಕೋವಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಕಾಫಿ ತೋಟಕ್ಕೆ ಹಂದಿ ನುಗ್ಗಿದರೆ ಅಜ್ಜ ಮೇಲಕ್ಕೆ ಒಂದು ಈಡು ಹೊಡೆಯುತ್ತಿದ್ದರು, ಚುನಾವಣೆ ಬಂದರೆ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು, ಅಷ್ಟೇ ಅದರ ಕಥೆ. ಅದರ ಟ್ರಿಗರ್ ಬಿಗಿಯೋ ಸಡಿಲವೋ ಅಂತ ಯಾರೂ ಕೇಳಿದ್ದು ನೆನಪಿಲ್ಲ. ಈಡು ಹಾರಿತಾ, ಸಾಕು.

ನಾನೀಗ ಇರುವುದು ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗ್ ಹತ್ತಿರ. ಹೆಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ಕೋವಿ ತಂಟೆಗೇ ಹೋಗಲಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ಆ ವೀಸಾದವರೂ ಕೊಳ್ಳಬಹುದು ಅನ್ನುವ ವಿನಾಯಿತಿ ಇಲ್ಲಿನ ಕಾನೂನಿನಲ್ಲಿದೆ, ಆದರೂ ವೀಸಾ ಕಾಗದಗಳ ಪಕ್ಕದಲ್ಲಿ ಕೋವಿ ಕಾಗದ ಇಡುವ ಧೈರ್ಯ ನನಗೆ ಬರಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ .308 ಅಳತೆಯ ಗುಂಡಿನ ಒಂದು ಬೋಲ್ಟ್ ಆಕ್ಷನ್ ರೈಫಲ್ ತಗೊಂಡೆ, ಅಂದರೆ ಪ್ರತಿ ಈಡಿಗೂ ಬೋಲ್ಟ್ ಅನ್ನುವ ಉಕ್ಕಿನ ತುಂಡನ್ನು ಕೈಯಲ್ಲೇ ಎಳೆದು ಮುಚ್ಚುವಂಥದ್ದು. ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಇಲ್ಲಿ ಜಿಂಕೆ ಸೀಸನ್ ಶುರು. ಉಳಿದ ತಿಂಗಳು ಗುರಿ ಅಭ್ಯಾಸದ ರೇಂಜ್‌ನಲ್ಲಿ ಕಾಗದಕ್ಕೆ ತೂತು ಹಾಕುವ ಕೆಲಸ.

ರೈಫಲ್ ರೆಮಿಂಗ್ಟನ್ 700 ಮಾದರಿಯದು. ಆ ಮಾದರಿಯನ್ನು ಈಗ ಹತ್ತಾರು ಜನ ಮಾಡುತ್ತಾರೆ, ನನ್ನದು ಯಾರದ್ದು ಅನ್ನುವುದು ಬೇಡ. ನಳಿಗೆ ಚೆನ್ನಾಗಿದೆ, ಬೋಲ್ಟ್ ಬೆಣ್ಣೆಯ ಹಾಗೆ ಓಡುತ್ತದೆ. ಟ್ರಿಗರ್ ಮಾತ್ರ ಹಠಮಾರಿ. ನೂರು ಗಜದಲ್ಲಿ ನನ್ನ ಗುಂಡುಗಳೆಲ್ಲ ಬಲಕ್ಕೆ, ಸ್ವಲ್ಪ ಕೆಳಕ್ಕೆ. ಸ್ಕೋಪ್ ಬೈದೆ, ಗುಂಡು ಬದಲಾಯಿಸಿದೆ. ಕೊನೆಗೆ ಪಕ್ಕದ ಬೆಂಚಿನ ಒಬ್ಬ ಹಿರಿಯರು ನನ್ನ ಬೆರಳು ನೋಡಿ, "ನೀನು ಟ್ರಿಗರ್ ಒತ್ತುತ್ತಿಲ್ಲ, ಅದರ ಜೊತೆ ಕುಸ್ತಿ ಮಾಡುತ್ತಿದ್ದೀಯ" ಅಂದರು. ಅವರ ಹತ್ತಿರ ಟ್ರಿಗರ್ ಎಳೆಯಲು ಎಷ್ಟು ಭಾರ ಬೇಕು ಅಂತ ಅಳೆಯುವ ಗೇಜ್ ಇತ್ತು. ಹತ್ತು ಸಲ ಎಳೆದು ನೋಡಿದೆವು. ಸರಾಸರಿ 5 ಪೌಂಡ್ 12 ಔನ್ಸ್, ಅಂದರೆ ಸುಮಾರು 2.6 ಕೆಜಿ. ಅದಕ್ಕಿಂತ ಕೆಟ್ಟದ್ದು ಏನೆಂದರೆ ಒಂದು ಸಲ ಐದು ಕಾಲು, ಇನ್ನೊಂದು ಸಲ ಆರೂ ಚಿಲ್ಲರೆ.

ನಾನು ಆಗ ಮಾಡಿಕೊಂಡ ತಪ್ಪು ಲೆಕ್ಕ: ಭಾರ ಜಾಸ್ತಿ, ಹಾಗಾಗಿ ಹಗುರದ್ದು ಬೇಕು, ಎಷ್ಟು ಹಗುರವೋ ಅಷ್ಟು ಒಳ್ಳೆಯದು. ಹೊಸದಾಗಿ ಶುರು ಮಾಡಿದವರೆಲ್ಲ ಇಲ್ಲೇ ಎಡವುವುದು ಅಂತ ಆಮೇಲೆ ಗೊತ್ತಾಯಿತು.

ಒಳಗೆ ಏನಾಗುತ್ತದೆ ನೋಡಿ. ಬೋಲ್ಟ್ ಮುಚ್ಚಿದಾಗ ಫೈರಿಂಗ್ ಪಿನ್ನಿನ ಹಿಂಬದಿ ಬಂದು ಸಿಯರ್ ಅನ್ನುವ ತುಂಡಿನ ಮೇಲೆ ಒರಗುತ್ತದೆ. ಹಿಂದೆ ಬಲವಾದ ಸ್ಪ್ರಿಂಗ್ ತಳ್ಳುತ್ತಿರುತ್ತದೆ. ಸಿಯರ್ ಕೆಳಗೆ ಕುಸಿಯದ ಹಾಗೆ ಟ್ರಿಗರ್‌ನ ಒಂದು ಸಣ್ಣ ಅಂಚು ಅದನ್ನು ಹೊತ್ತಿರುತ್ತದೆ, ಗೊನೆ ಬಿಟ್ಟ ಬಾಳೆಗೆ ಕೊಟ್ಟ ಆಸರೆ ಕೋಲಿನ ಹಾಗೆ. ಬೆರಳು ಒತ್ತಿದರೆ ಆ ಅಂಚು ಜಾರುತ್ತದೆ, ಕೋಲು ತಪ್ಪುತ್ತದೆ, ಪಿನ್ ಮುಂದೆ ಹಾರುತ್ತದೆ. ಆ ಅಂಚು ಜಾರುವ ದಾರಿ ಉದ್ದವಿದ್ದು ಒರಟಾಗಿದ್ದರೆ ಬೆರಳಿಗೆ ಗರಗರ ಅನ್ನಿಸುತ್ತದೆ. ಅದೇ ಕ್ರೀಪ್. ಹಾರಿದ ಮೇಲೂ ಟ್ರಿಗರ್ ಹಿಂದಕ್ಕೆ ಹೋಗುತ್ತಲೇ ಇದ್ದರೆ ಅದು ಓವರ್‌ಟ್ರಾವೆಲ್.

ಒಳ್ಳೆಯ ಟ್ರಿಗರ್ ಹೊಸದಾಗಿ ಕರಿದ ಹಪ್ಪಳ ಮುರಿದ ಹಾಗೆ ಮುರಿಯುತ್ತದೆ. ನನ್ನ ಹಳೆಯದು ಮಳೆಗಾಲದಲ್ಲಿ ಡಬ್ಬಿ ಮುಚ್ಚಲು ಮರೆತ ಹಪ್ಪಳ. ಬಾಗುತ್ತದೆ, ಬಾಗುತ್ತದೆ, ಯಾವಾಗ ಹರಿಯುತ್ತದೋ ಗೊತ್ತಿಲ್ಲ. ಮೂರು ಪೌಂಡಿನ ಗರಿಗರಿ ಟ್ರಿಗರ್ ಒಂದೂವರೆ ಪೌಂಡಿನ ಮೆತ್ತನೆಯದಕ್ಕಿಂತ ಎಷ್ಟೋ ವಾಸಿ, ಅಲ್ವಾ? ಆದರೆ ಪೆಟ್ಟಿಗೆ ಮೇಲೆ ಬರೆದಿರುವುದು ಪೌಂಡು ಔನ್ಸು ಮಾತ್ರ. ಗರಿಗರಿ ಎಷ್ಟು ಅಂತ ಯಾರೂ ಬರೆಯುವುದಿಲ್ಲ.

ಇನ್ನು ಅಂಗಡಿಯ ವಿಷಯ. ಬೋಲ್ಟ್ ಆಕ್ಷನ್ನಿನ ಟ್ರಿಗರ್ ಇಲ್ಲಿನ ಕಾನೂನಿನಲ್ಲಿ ಬರೀ ಬಿಡಿ ಭಾಗ, ಪುಸ್ತಕ ಬಂದ ಹಾಗೆ ಪೋಸ್ಟ್‌ನಲ್ಲಿ ಮನೆಗೆ ಬರುತ್ತದೆ. 700 ಮಾದರಿ ಇದ್ದವರಿಗೆ ಆಯ್ಕೆಯೇ ತಲೆನೋವು, ಏಕೆಂದರೆ ಆ ರೈಫಲ್‌ನಲ್ಲಿ ಇಡೀ ಟ್ರಿಗರ್ ಡಬ್ಬಿ ಎರಡು ಪಿನ್ನಿನ ಮೇಲೆ ನೇತಾಡುತ್ತದೆ, ಪಿನ್ ತೆಗೆದರೆ ಕೈಗೆ ಬರುತ್ತದೆ.

ಟಿಮ್ನಿ 1946ರಿಂದ ಇದೇ ಕೆಲಸ ಮಾಡುತ್ತಿರುವ ಕಂಪನಿ, ಈಗ ಅರಿಝೋನಾದ ಫೀನಿಕ್ಸ್‌ನಲ್ಲಿದೆ. ಅವರ ಸಾಮಾನ್ಯ 700 ಟ್ರಿಗರ್ ಒಂದೂವರೆಯಿಂದ ನಾಲ್ಕು ಪೌಂಡಿನವರೆಗೆ ಹೊಂದಿಸಿಕೊಳ್ಳಬಹುದು. ಸರಳ, ಹಳೆಯ ಕಾಲದ ನಂಬಿಕಸ್ಥ ಸಾಮಾನು. ಕೆನಡಾದ ಟ್ರಿಗರ್‌ಟೆಕ್‌ನವರು ಬೇರೆ ದಾರಿ ಹಿಡಿದಿದ್ದಾರೆ. ಅಂಚಿಗೆ ಅಂಚು ಉಜ್ಜಿ ಜಾರುವ ಬದಲು ನಡುವೆ ಒಂದು ಸಣ್ಣ ರೋಲರ್ ಇಟ್ಟಿದ್ದಾರೆ. ಉಜ್ಜುವುದಿಲ್ಲ, ಉರುಳುತ್ತದೆ. ಬೆರಳಿಗೆ ಕ್ರೀಪ್ ಸಿಗುವುದೇ ಇಲ್ಲ ಅನ್ನಬಹುದು. ಅವರ ಪ್ರೈಮರಿ ಒಂದೂವರೆಯಿಂದ ನಾಲ್ಕು ಪೌಂಡು, ಸ್ಪೆಷಲ್ ಒಂದರಿಂದ ಮೂರೂವರೆ, ಡೈಮಂಡ್ ಅಂತೂ ನಾಲ್ಕು ಔನ್ಸಿಗೂ ಕೆಳಗೆ ಇಳಿಯುತ್ತದೆ. ನಾಲ್ಕು ಔನ್ಸ್ ಅಂದರೆ 113 ಗ್ರಾಂ, ಒಂದು ಸಾಧಾರಣ ಟೊಮೇಟೊ. ಜ್ಯುವೆಲ್ ಅನ್ನುವ ಟೆಕ್ಸಸ್‌ನ ಟ್ರಿಗರ್ ಔನ್ಸ್ ಲೆಕ್ಕದಲ್ಲೇ ಓಡುವುದು, ಬೆಂಚ್‌ರೆಸ್ಟ್ ಜನ, ಅಂದರೆ ರೈಫಲನ್ನು ಬೆಂಚಿನ ಮೇಲೆ ಒರಗಿಸಿಟ್ಟು ಗುರಿ ಸ್ಪರ್ಧೆ ಆಡುವವರು, ಅದರ ಮೇಲೆ ಪ್ರಾಣ ಬಿಡುತ್ತಾರೆ. ಆದರೆ ಧೂಳು ಅದಕ್ಕೆ ಆಗಿಬರುವುದಿಲ್ಲ. ಬೆಂಚಿನ ಮೇಲೆ ಮಖಮಲ್ಲು ಹಾಸಿ ಕೂರುವವರಿಗೆ ಸರಿ, ಕೆಸರಲ್ಲಿ ಕೂತು ಜಿಂಕೆ ಕಾಯುವ ನನಗಲ್ಲ.

ಸಿಂಗಲ್ ಸ್ಟೇಜ್, ಟೂ ಸ್ಟೇಜ್ ಅಂತ ಇನ್ನೊಂದು ಜಗಳ. ಬೈಕಿನ ಕ್ಲಚ್ ನೆನಪಿಸಿಕೊಳ್ಳಿ. ಮೊದಲು ಸ್ವಲ್ಪ ದೂರ ಸುಮ್ನೆ ಬರುತ್ತದೆ, ಆಮೇಲೆ ಒಂದು ಕಡೆ ಹಿಡಿಯುತ್ತದೆ. ಟೂ ಸ್ಟೇಜ್ ಅಂದರೆ ಹಾಗೆ. ಮೊದಲ ಹಗುರವಾದ ಎಳೆತ ಮುಗಿದು ಗೋಡೆ ಸಿಕ್ಕಿತು ಅಂತ ಬೆರಳಿಗೆ ಗೊತ್ತಾದ ಮೇಲೆ ಇನ್ನಷ್ಟು ಒತ್ತಿದರೆ ಹಾರುತ್ತದೆ. ಸಿಂಗಲ್ ಸ್ಟೇಜ್‌ನಲ್ಲಿ ಬೆರಳಿಟ್ಟಲ್ಲೇ ಗೋಡೆ. ಹಳೆಯ ಮಿಲಿಟರಿ ರೈಫಲ್‌ಗಳು, ಮೌಸರ್ 98 ಆಗಲಿ ಲೀ ಎನ್‌ಫೀಲ್ಡ್ ಆಗಲಿ, ಟೂ ಸ್ಟೇಜ್‌ನವೇ. ನಮ್ಮ ಕಡೆ ಕೆಲವರ ಮನೆಯಲ್ಲಿ ಕಾಣಸಿಗುವ ಇಶಾಪುರದ .315 ರೈಫಲ್ ಕೂಡ ಆ ಎನ್‌ಫೀಲ್ಡ್ ವಂಶದ್ದೇ. ನನಗೆ ಸಿಂಗಲ್ ಸ್ಟೇಜ್ ಇಷ್ಟ. ಕಾರಣ ಕೇಳಿದರೆ ಗಟ್ಟಿಯಾದದ್ದೇನೂ ಇಲ್ಲ.

ಎಲ್ಲರೂ ದುಡ್ಡು ಸುರಿಯಬೇಕಾಗಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2002ರ ಕೊನೆಗೆ ಸ್ಯಾವೇಜ್ ಕಂಪನಿ ಆಕ್ಯುಟ್ರಿಗರ್ ತಂದಿತು, ಟ್ರಿಗರ್ ಮಧ್ಯದಲ್ಲಿ ತೆಳು ಬ್ಲೇಡ್ ಇರುತ್ತಲ್ಲ, ಅದು. ಕೊಂಡವರೇ ಮನೆಯಲ್ಲಿ ಕೂತು ಭಾರ ಕಡಿಮೆ ಮಾಡಿಕೊಳ್ಳಬಹುದು, ಬ್ಲೇಡ್ ಒತ್ತದೆ ಹಾರುವುದಿಲ್ಲ. ಅದು ಬಂದ ಮೇಲೆ ಉಳಿದ ಕಂಪನಿಗಳಿಗೂ ನಾಚಿಕೆಯಾಗಿ ತಮ್ಮ ಟ್ರಿಗರ್ ಸುಧಾರಿಸಿದವು. ಫಿನ್ಲೆಂಡಿನ ಟಿಕ್ಕಾ ಇದ್ದವರು ಹೊಸ ಟ್ರಿಗರ್ ಹುಡುಕಿದರೆ ನನಗೆ ನಗು ಬರುತ್ತದೆ. ಅದರ ಜೊತೆ ಬರುವುದೇ ಅಷ್ಟು ಚೆನ್ನಾಗಿದೆ, ಒಂದು ಸ್ಕ್ರೂ ತಿರುಗಿಸಿದರೆ ಸುಮಾರು ಎರಡು ಪೌಂಡಿಗೆ ಇಳಿಯುತ್ತದೆ. ಮೊದಲು ಗೇಜ್ ತಗೊಳ್ಳಿ ಅಥವಾ ಕಡ ಕೇಳಿ. ಅಳೆಯದೆ ಆರ್ಡರ್ ಮಾಡಬೇಡಿ.

ಸೆಕೆಂಡ್ ಹ್ಯಾಂಡ್ ರೆಮಿಂಗ್ಟನ್ 700 ಕೊಳ್ಳುವವರಿಗೆ ಬೇರೆಯೇ ಮಾತು. 1962ರಲ್ಲಿ ಬಂದ ಆ ರೈಫಲ್‌ನ ಹಳೆಯ ವಾಕರ್ ಟ್ರಿಗರ್ ಬಗ್ಗೆ, ಬೆರಳಿಡದೆಯೇ ಹಾರಿತು ಅನ್ನುವ ದೂರುಗಳ ಮೇಲೆ, ವರ್ಷಗಟ್ಟಲೆ ಕೋರ್ಟ್ ಕೇಸುಗಳು ನಡೆದಿವೆ. 1982ಕ್ಕಿಂತ ಮೊದಲಿನವುಗಳಲ್ಲಿ ಸೇಫ್ಟಿ (ಗುಂಡು ಹಾರದ ಹಾಗೆ ತಡೆಯುವ ಕಡ್ಡಿ) ಹಾಕಿದ್ದರೆ ಬೋಲ್ಟ್ ತೆರೆಯುವುದೇ ಇಲ್ಲ, ಅಂದರೆ ಗುಂಡು ಹೊರತೆಗೆಯಲು ಸೇಫ್ಟಿ ತೆಗೆಯಲೇಬೇಕು. ಆಮೇಲೆ ಬಂದ ಎಕ್ಸ್-ಮಾರ್ಕ್ ಪ್ರೋ ಟ್ರಿಗರ್‌ಗಳನ್ನು 2014ರ ಏಪ್ರಿಲ್‌ನಲ್ಲಿ ಕಂಪನಿಯೇ ವಾಪಸ್ ಕರೆಯಿತು, ಜೋಡಿಸುವಾಗ ಅಂಟು ಜಾಸ್ತಿಯಾಗಿತ್ತು ಅಂತ. 2006ರ ಮೇಯಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು ಆ ಪಟ್ಟಿಯಲ್ಲಿದ್ದವು. ಅಂಥದ್ದು ಕೈಗೆ ಬಂದರೆ ಹೊಸ ಟ್ರಿಗರ್ ಶೋಕಿ ಅಲ್ಲ, ಮೊದಲ ಖರ್ಚು.

ಈಗ ನನ್ನ ಪುರಾಣ. ಮೊದಲು ತರಿಸಿದ್ದು ತಪ್ಪು ಮಾಲು. ಟ್ರಿಗರ್ ಕಂಪನಿಯ ತಪ್ಪಲ್ಲ, ನನ್ನದೇ. 700ರಲ್ಲಿ ಬೋಲ್ಟ್ ಹೊರತೆಗೆಯಲು ಟ್ರಿಗರ್ ಮುಂದೆ ಒಂದು ಚಿಕ್ಕ ನಾಲಿಗೆ ಇರುತ್ತದೆ, ಅದನ್ನು ಮೇಲಕ್ಕೆ ಒತ್ತಬೇಕು. ಕೆಲವು ಕಂಪನಿಗಳ ರೈಫಲ್‌ನಲ್ಲಿ ಆ ವ್ಯವಸ್ಥೆ ಆಕ್ಷನ್ನಿನ, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಭಾಗದ, ಪಕ್ಕದಲ್ಲೇ ಇರುವುದರಿಂದ ಟ್ರಿಗರ್‌ಗಳು ಬೋಲ್ಟ್ ರಿಲೀಸ್ ಇರುವುದು, ಇಲ್ಲದ್ದು ಅಂತ ಎರಡು ಥರ ಬರುತ್ತವೆ. ನಾನು ಹತ್ತು ಡಾಲರ್ ಕಡಿಮೆ ಅಂತ ಇಲ್ಲದ್ದನ್ನು ಒತ್ತಿದೆ. ಹಾಕಿದೆ, ಬೋಲ್ಟ್ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಡುಗೆ ಮನೆ ಟೇಬಲ್ ಮೇಲೆ ಮತ್ತೆ ಎಲ್ಲ ಬಿಚ್ಚಿದೆ. ಹೆಂಡತಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ಆಯಿತು. ಎಡಗೈಯವರು ಸೇಫ್ಟಿ ಯಾವ ಕಡೆ ಅಂತಲೂ ನೋಡಿಕೊಳ್ಳಿ.

ಸರಿಯಾದದ್ದು ಬಂದ ಮೇಲೆ ಎರಡನೇ ತಪ್ಪು. ಒಂದು ಪೌಂಡಿಗೆ ಇಳಿಸಿದೆ. ಸೆಪ್ಟೆಂಬರ್‌ನಲ್ಲಿ, ಬರಿಗೈಯಲ್ಲಿ, ಬೆಂಚಿನ ಮೇಲೆ ಸ್ವರ್ಗ. ಮೂರು ಗುಂಡು ಒಂದು ಇಂಚಿನೊಳಗೆ ಕೂತಾಗ ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ. ನವೆಂಬರ್‌ನಲ್ಲಿ ಸೀಸನ್ನಿಗೆ ಮೊದಲು ಕೈಗವಸು ಹಾಕಿ, ದಪ್ಪ ಜಾಕೆಟ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಕೋಟು ಹಾಕಿ ರೇಂಜ್‌ಗೆ ಹೋದೆ. ಸೊನ್ನೆ ಡಿಗ್ರಿ ಹತ್ತಿರ. ಬೆರಳು ಟ್ರಿಗರ್ ಮುಟ್ಟಿತೋ ಇಲ್ಲವೋ ಅಂತ ನನಗೆ ತಿಳಿಯುವ ಮೊದಲೇ ಢಂ! ಗುಂಡು ಟಾರ್ಗೆಟ್‌ಗಿಂತ ಇಪ್ಪತ್ತು ಗಜ ಮುಂಚೆ ಮಣ್ಣು ಹಾರಿಸಿತು. ನಳಿಗೆ ಎದುರು ದಿಬ್ಬದ ಕಡೆಗೇ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಮೈಯೆಲ್ಲ ಬೆವರಿತು, ಆ ಚಳಿಯಲ್ಲೂ. ಕಾಡಿನಲ್ಲಿ ಇನ್ನೊಬ್ಬ ಮನುಷ್ಯ ಎಲ್ಲೋ ಮರದ ಹಿಂದೆ ಕೂತಿರುವ ಜಾಗದಲ್ಲಿ ಹೀಗೆ ಆಗಿದ್ದರೆ? ಅವತ್ತು ಇನ್ನೊಂದು ಗುಂಡು ಹಾಕದೆ ಮನೆಗೆ ಬಂದೆ.

ಈಗ ಅದು 2 ಪೌಂಡ್ 10 ಔನ್ಸ್‌ನಲ್ಲಿದೆ, ಸುಮಾರು 1.2 ಕೆಜಿ. ಕೈಗವಸಿನಲ್ಲೂ ಗೋಡೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಬೆಂಚಿನ ಮೇಲೆ ಮೂರು ಗುಂಡು ಈಗಲೂ ಇಂಚಿನ ಆಸುಪಾಸಿನಲ್ಲೇ ಕೂರುತ್ತವೆ. ಅಂದರೆ ಆ ಒಂದು ಪೌಂಡಿನ ಹುಚ್ಚಿನಿಂದ ನನಗೆ ಸಿಕ್ಕ ಲಾಭ ಏನೂ ಇಲ್ಲ. ಕ್ರೀಪ್ ಹೋದದ್ದೇ ಗುಂಡು ಸರಿಹೋಗಲು ಕಾರಣ, ಭಾರ ಅಲ್ಲ.

ಹಾಕುವಾಗ ನಾನು ಮಾಡಿದ್ದು ಹೇಳುತ್ತೇನೆ. ರೈಫಲ್ ಖಾಲಿ ಮಾಡಿ, ಗುಂಡು ಕೂರುವ ಚೇಂಬರಿನಲ್ಲಿ ಬೆರಳಿಟ್ಟು ನೋಡಿ, ಗುಂಡಿನ ಡಬ್ಬಿಗಳನ್ನು ಬೇರೆ ಕೋಣೆಗೆ ಸಾಗಿಸಿದೆ. ಪಿನ್ ಹೊಡೆಯಲು ಸರಿಯಾದ ಪಂಚ್ ಬೇಕು, ಮೊಳೆ ಬೇಡ. ಸ್ಟಾಕ್ (ರೈಫಲ್ ಕೂರುವ ಮರದ ಹಿಡಿ) ವಾಪಸ್ ಹಾಕಿದ ಮೇಲೆ ಟ್ರಿಗರ್ ಎಲ್ಲಾದರೂ ಮರಕ್ಕೋ ಗಾರ್ಡಿಗೋ ಉಜ್ಜುತ್ತಿದೆಯಾ ಅಂತ ನೋಡಿದೆ, ನನ್ನದರಲ್ಲಿ ಸೇಫ್ಟಿ ಕಡ್ಡಿ ಸ್ವಲ್ಪ ತಾಗುತ್ತಿತ್ತು. ಆಮೇಲೆ ಪರೀಕ್ಷೆ: ಖಾಲಿ ಬೋಲ್ಟನ್ನು ಇಪ್ಪತ್ತು ಮೂವತ್ತು ಸಲ ಜೋರಾಗಿ ಬಡಿದು ಮುಚ್ಚಬೇಕು. ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆಯಬೇಕು. ರಬ್ಬರ್ ಸುತ್ತಿಗೆಯಲ್ಲಿ ಸ್ಟಾಕ್‌ಗೆ ನಾಲ್ಕು ಕಡೆಯಿಂದ ತಟ್ಟಬೇಕು. ಇಷ್ಟರಲ್ಲಿ ಒಂದೇ ಒಂದು ಸಲ ಪಿನ್ ತಾನಾಗಿ ಬಿದ್ದರೂ ಅದು ಕಾಡಿಗೆ ಹೋಗಬಾರದು. ಭಾರ ಏರಿಸಿ ಮತ್ತೆ ನೋಡಿ, ಆಗಲಿಲ್ಲ ಅಂದರೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಸಿಯರ್ ಹಿಡಿತದ ಸ್ಕ್ರೂ ಇದ್ದರೆ ದಯವಿಟ್ಟು ಮುಟ್ಟಬೇಡಿ. ಭಾರದ ಸ್ಕ್ರೂ ಒಂದೇ ನಿಮ್ಮದು, ಉಳಿದದ್ದು ಫ್ಯಾಕ್ಟರಿಯವರದು.

ಎಣ್ಣೆ ಬಗ್ಗೆ ಒಂದು ಮಾತು. ಅಜ್ಜ ಕೋವಿಯ ಎಲ್ಲ ಭಾಗಕ್ಕೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ಅದೇ ಅಭ್ಯಾಸದಲ್ಲಿ ನಾನೂ ಹೊಸ ಟ್ರಿಗರ್‌ಗೆ ಎರಡು ಹನಿ ಬಿಡಲು ಹೋಗಿದ್ದೆ. ರೇಂಜಿನ ಆ ಹಿರಿಯರು ಕೈ ಹಿಡಿದು ನಿಲ್ಲಿಸಿದರು. ಎಣ್ಣೆ ಧೂಳು ಹಿಡಿಯುತ್ತದೆ, ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ, ಸಿಯರ್ ಪೂರ್ತಿ ವಾಪಸ್ ಬಾರದೆ ಅರ್ಧಕ್ಕೆ ನಿಲ್ಲಬಹುದು. ಒಣಗಿದ್ದರೇ ಕ್ಷೇಮ. ಕೊಳೆಯಾದರೆ ಲೈಟರ್‌ಗೆ ಹಾಕುವ ದ್ರವದಲ್ಲಿ ತೊಳೆದು ಒಣಗಲು ಬಿಡಿ. ಬೆಂಕಿ ಹತ್ತಿರ ಬೇಡ, ಹೇಳಬೇಕಾಗಿಲ್ಲ.

ಒಟ್ಟು ಖರ್ಚು ಟ್ರಿಗರ್‌ಗೆ ನೂರೈವತ್ತು ಡಾಲರ್ ಚಿಲ್ಲರೆ, ತಪ್ಪು ಮಾಲು ವಾಪಸ್ ಕಳಿಸಿದ ಪೋಸ್ಟ್ ಖರ್ಚು, ಮತ್ತೆ ಒಂದು ಗೇಜ್. ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಲೆಕ್ಕ ಒಪ್ಪಿಸಿದೆ. "ಇಡೀ ಕೋವಿಗೆ ನಿನ್ನ ಅಜ್ಜ ಅಷ್ಟು ಕೊಟ್ಟಿರಲಿಲ್ಲ ಮಾರಾಯ" ಅಂದರು. ಹಳೆಯ ಟ್ರಿಗರನ್ನು ಪಿನ್ನುಗಳ ಸಮೇತ ಜಿಪ್ ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು, ಡ್ರಾಯರಿನಲ್ಲಿ ಇಟ್ಟಿದ್ದೇನೆ. ಯಾವತ್ತಾದರೂ ರೈಫಲ್ ಮಾರಿದರೆ ಅದನ್ನೇ ಹಾಕಿ ಮಾರುತ್ತೇನೆ, ಹೊಸದು ನನ್ನ ಜೊತೆ ಬರುತ್ತದೆ.